ಒಂದು ವೋಡ್ಕಾ ಗಂಟಲು ಸುಡುತ್ತದೆ, ಇನ್ನೊಂದು ಸಲೀಸಾಗಿ ಇಳಿಯುತ್ತದೆ: ಏಕೆ?

ಪ್ರಶ್ನೆ (ಕೋಥ್ರೂಡ್, ಪುಣೆ)

ಕಳೆದ ಶನಿವಾರ ಗೆಳೆಯರ ಮನೆಯಲ್ಲಿ ಎರಡು ವೋಡ್ಕಾ ಬಾಟಲಿಗಳಿದ್ದವು. ಎರಡೂ ನೀರಿನಷ್ಟು ತಿಳಿ. ಎರಡರ ಲೇಬಲ್ಲಿನಲ್ಲೂ ಆಲ್ಕೋಹಾಲ್ ಶೇ. 42.8 ಎಂದೇ ಇತ್ತು. ಹೀಗಿದ್ದರೂ ಒಂದರಿಂದ ಇಂಜೆಕ್ಷನ್ನಿಗೆ ಮೊದಲು ಹಚ್ಚುವ ಸ್ಪಿರಿಟ್ಟಿನ ವಾಸನೆ ಬಂದು ಗಂಟಲು ಉರಿಯಿತು, ಇನ್ನೊಂದು ತುಸು ಸಿಹಿಯಾಗಿ ಇಳಿಯಿತು. ವೋಡ್ಕಾಗೆ ರುಚಿಯೇ ಇಲ್ಲ ಎನ್ನುತ್ತಾರಲ್ಲ, ಈ ವ್ಯತ್ಯಾಸ ಎಲ್ಲಿಂದ ಬಂತು? ‘ಐದು ಸಲ ಭಟ್ಟಿ ಇಳಿಸಿದ್ದು’ ಎಂಬ ಮಾತಿಗೆ ಹೆಚ್ಚು ಹಣ ಕೊಡಬಹುದೇ?

ಉತ್ತರ 1 (ಬಾರಾಮತಿ)

ಡಿಸ್ಟಿಲರಿಯ ಲ್ಯಾಬಿನಲ್ಲಿ ಹಲವು ವರ್ಷ ದುಡಿದವನಾಗಿ ಹೇಳುತ್ತೇನೆ. ವೋಡ್ಕಾದ ಸ್ಪಿರಿಟ್ ಸುಮಾರು ಶೇ. 96ರಷ್ಟು ಶುದ್ಧವಾಗಿರುತ್ತದೆ, ಆದರೆ ಉಳಿದ ಅಂಶದಲ್ಲಿ ನೀರಿನೊಡನೆ ಲೇಶಮಾತ್ರ ಸೇರಿಕೊಂಡ ಆಲ್ಡಿಹೈಡ್, ಎಸ್ಟರ್ ಮತ್ತು ಭಾರವಾದ ಆಲ್ಕೋಹಾಲುಗಳೆಂಬ ರಾಸಾಯನಿಕಗಳೇ ಮೂಗಿಗೂ ಗಂಟಲಿಗೂ ತಟ್ಟುವಂಥವು. ಭಟ್ಟಿಯಲ್ಲಿ ಮೊದಲು ಬರುವ ಹಾಗೂ ಕೊನೆಗೆ ಬರುವ ಪಾಲನ್ನು ಜಿಪುಣತನ ಮಾಡದೆ ತೆಗೆದುಹಾಕಿದ ಕಡೆ ಉರಿ ಕಡಿಮೆ. ನಮ್ಮ ದೇಶದಲ್ಲಿ ಸಕ್ಕರೆ ಕಾರ್ಖಾನೆಯ ಕಾಕಂಬಿಯಿಂದ ಮಾಡಿದ ಸ್ಪಿರಿಟ್ಟೂ ಉಂಟು, ಧಾನ್ಯದ್ದೂ ಉಂಟು. ಗೋಧಿಯದು ಮೃದು, ಪೋಲೆಂಡಿನಲ್ಲಿ ಬಳಸುವ ರೈ ಧಾನ್ಯದಿಂದ ಮೆಣಸಿನಂಥ ಖಾರ, ಆಲೂಗಡ್ಡೆಯಿಂದ ಕೆನೆಯಂಥ ಮಂದತೆ ಬರುತ್ತದೆ. ಇದ್ದಿಲಿನಲ್ಲಿ ಸೋಸಿದರೆ ಒರಟುತನ ತಗ್ಗುತ್ತದೆ, ಆದರೆ ಕೆಟ್ಟ ಸ್ಪಿರಿಟ್ಟನ್ನು ಅದು ಒಳ್ಳೆಯದು ಮಾಡಲಾರದು. ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ ಇರುವುದರಿಂದ ಆ ನೀರಿನ ಗುಣವೂ ನಾಲಿಗೆಗೆ ತಿಳಿಯುತ್ತದೆ. ‘ಐದು ಸಲ’ ಎಂಬುದಕ್ಕೆ ನಾನಂತೂ ಹಣ ಕೊಡೆನು: ಒಳಗೆ ಒಂದರ ಮೇಲೊಂದು ತಟ್ಟೆಗಳಿರುವ ಎತ್ತರದ ಭಟ್ಟಿ ಗೋಪುರದಲ್ಲಿ, ಅಂದರೆ ಕಾಲಮ್ಮಿನಲ್ಲಿ, ಆವಿಯು ತಟ್ಟೆಯಿಂದ ತಟ್ಟೆಗೆ ಏರುತ್ತ ಹತ್ತಾರು ಬಾರಿ ಶುದ್ಧಗೊಳ್ಳುತ್ತದೆ, ಎಣಿಕೆ ಎಣಿಸುವವರಿಗೆ ಬಿಟ್ಟದ್ದು.

ಉತ್ತರ 2 (ಅಂಧೇರಿ, ಮುಂಬೈ)

ಬಾರಾಮತಿಯ ಸರ್ ಹೇಳಿದ್ದಕ್ಕೆ ಬಾರ್ ಕೌಂಟರಿನ ಅನುಭವವೊಂದನ್ನು ಸೇರಿಸುತ್ತೇನೆ. ಫ್ರೀಜರಿನಲ್ಲಿಟ್ಟ ವೋಡ್ಕಾದಲ್ಲಿ ವಾಸನೆ ಅಡಗಿಬಿಡುವುದರಿಂದ ಎಲ್ಲವೂ ಒಂದೇ ಎನಿಸುತ್ತದೆ. ತಣ್ಣಗಿಲ್ಲದ ವೋಡ್ಕಾದ ನಾಲ್ಕು ಹನಿಯನ್ನು ಅಂಗೈಗೆ ಹಾಕಿ, ಎರಡೂ ಕೈ ಉಜ್ಜಿ, ಆರಿದ ಮೇಲೆ ಮೂಸಿ ನೋಡಿ. ಆಲ್ಕೋಹಾಲ್ ಹಾರಿಹೋಗಿ ಉಳಿದದ್ದೇ ಅದರ ನಿಜವಾದ ಗುಣ. ಕೆಲವರು ಸಕ್ಕರೆಯನ್ನೋ ಗ್ಲಿಸರಿನನ್ನೋ ಚೂರು ಬೆರೆಸಿ ನಯ ತರುತ್ತಾರೆ, ಆಗ ಅಂಗೈ ತುಸು ಅಂಟುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಕೃತಜ್ಞತೆಗಳು. ನಿನ್ನೆ ಗೆಳೆಯರ ಮನೆಗೆ ಹೋಗಿ ಎರಡನ್ನೂ ಅಂಗೈಯಲ್ಲಿ ಉಜ್ಜಿ ನೋಡಿದೆ. ಗಂಟಲು ಸುಟ್ಟದ್ದರಿಂದ ಹಳೆಯ ಬೆಲ್ಲದ ಡಬ್ಬಿಯಂಥ ವಾಸನೆ ಉಳಿಯಿತು. ಇನ್ನೊಂದರಿಂದ ಒಣ ಗೋಧಿಹಿಟ್ಟಿನಂಥ ವಾಸನೆ ಬಂತು, ಅಂಗೈ ಅಂಟಲಿಲ್ಲ. ದುಬಾರಿಯಾಗಿದ್ದದ್ದು ಮೊದಲನೆಯದು.