ಕೋಳಿ ಗೂಡಿಗೆ ಭತ್ತದ ಹೊಟ್ಟೇ ಹಾಕಿ ಅತ್ತಿಗೆ

ಅತ್ತಿಗೆ, ಬೆಳಿಗ್ಗೆ ಕೇಳಿದ್ರಲ್ಲ, 20 ನಾಟಿಕೋಳಿ, ಸಿಮೆಂಟ್ ನೆಲದ 40 ಚದರಡಿ ಗೂಡು, ನೆಲಕ್ಕೆ ಭತ್ತದ ಹೊಟ್ಟು ಹಾಕೋದಾ, ಸಾಮಿಲ್ಲಿನ ಮರದ ಪುಡಿ ಹಾಕೋದಾ ಅಂತ. ಸ್ವಲ್ಪ ಉದ್ದ ಆಗುತ್ತೆ, ಪೂರ್ತಿ ಕೇಳಿಸ್ಕೊಳ್ಳಿ.

ಭತ್ತದ ಹೊಟ್ಟೇ ಹಾಕಿ. ಅದು ನೀರು ಜಾಸ್ತಿ ಹೀರಲ್ಲ ನಿಜ, ಆದ್ರೆ ಒಳಗೆ ಗಾಳಿ ಆಡುತ್ತೆ, ಬೇಗ ಒಣಗುತ್ತೆ. ಬಡಗಿ ಕೀಸುಳಿ ಹೊಡೆದಾಗ ಸುರುಳಿ ಸುರುಳಿ ಸಿಪ್ಪೆ ಬೀಳುತ್ತಲ್ಲ, ಅದು ಸಿಕ್ಕಿದ್ರೆ ಮೂರು ಪಾಲು ಹೊಟ್ಟಿಗೆ ಒಂದು ಪಾಲು ಬೆರೆಸಿ, ತೇವ ಹೀರೋ ಕೆಲಸ ಅದು ನೋಡ್ಕೊಳ್ಳುತ್ತೆ. ಭಾವ ಹೇಳಿದ ಸಾಮಿಲ್ ಪುಡಿ ಪುಕ್ಕಟೆ ಸಿಕ್ಕಿದ್ರೂ ಬೇಡ. ಹಸಿ ದಿಮ್ಮಿ ಕುಯ್ದ ಪುಡಿಗೆ ಮೂಟೆಯಲ್ಲೇ ಬೂಷ್ಟು ಹಿಡಿಯುತ್ತೆ. ಆ ಧೂಳು ಎದೆಗೆ ಹೋದ್ರೆ ಕೋಳಿ ಬಾಯಿ ತೆರೆದು ಉಸಿರಾಡೋಕೆ ಶುರು ಮಾಡುತ್ತೆ, ಮರಿಗಳಂತೂ ಉಳಿಯೋದೇ ಕಷ್ಟ.

ಶುರುವಿಗೆ 4 ಇಂಚು ದಪ್ಪ ಹರಡಿ. ನಿಮ್ಮ ಗೂಡಿಗೆ ಸುಮಾರು 13 ಘನ ಅಡಿ ಆಯ್ತು, ತೂಕದಲ್ಲಿ 40 ಕೆಜಿ ಹತ್ರ. ಹೊಟ್ಟು ಹಗುರ, ಮೂಟೆ ನೋಡೋಕೆ ದೊಡ್ಡದಿದ್ರೂ ತೂಕ ಇರಲ್ಲ, ಒಂದೆರಡು ಮೂಟೆ ಜಾಸ್ತಿನೇ ತಂದು ಒಣಗಿದ ಜಾಗದಲ್ಲಿಡಿ. ಮಳೆ ಹಿಡಿದ ಮೇಲೆ ಒಣ ಹೊಟ್ಟು ಸಿಗೋದು ಕಷ್ಟ.

ಹಾಸು ಹಾಳಾಗೋದು ಮೊದಲು ನೀರಿನ ಪಾತ್ರೆ ಸುತ್ತಲೇ. ಪಾತ್ರೆ ಅಂಚು ಕೋಳಿ ಬೆನ್ನಿನ ಮಟ್ಟಕ್ಕೆ ಬರೋ ಹಾಗೆ ತೂಗುಹಾಕಿ, ಇಲ್ಲಾ ಇಟ್ಟಿಗೆ ಮೇಲಿಡಿ. ಅಲ್ಲಿ ಒದ್ದೆ ಆಗಿದ್ದನ್ನ ಅವತ್ತೇ ತೆಗೆದು ಒಣ ಹೊಟ್ಟು ಹಾಕಿ. ಮಿಕ್ಕಿದ್ದನ್ನ ವಾರಕ್ಕೆ ಎರಡು ಸಲ, ಮಳೆಗಾಲದಲ್ಲಿ ದಿನ ಬಿಟ್ಟು ದಿನ, ಕೋಳಿ ಹೊರಗೆ ಬಿಟ್ಟಾಗ ಬುಡಮೇಲು ಮಾಡಿ ಕೆದಕಿ. ಒಂದು ಹಿಡಿ ತಗೊಂಡು ಹಿಸುಕಿ ನೋಡಿ: ಉಂಡೆ ಕಟ್ಟಿ ಹಾಗೇ ನಿಂತ್ರೆ ತೇವ ಜಾಸ್ತಿ. ಕೈಗೆ ಏನೂ ಅಂಟದೆ ಧೂಳು ಎದ್ರೆ ತೀರಾ ಒಣಗಿದೆ. ಸ್ವಲ್ಪ ಅಂಟಿ, ಬಿಟ್ಟ ತಕ್ಷಣ ಉದುರಬೇಕು. ಒದ್ದೆ ಹಾಸಲ್ಲೇ ರಕ್ತಭೇದಿ ರೋಗಾಣು ಬಲಿಯೋದು. 3ರಿಂದ 6 ವಾರದ ಮರಿಗಳಿಗೆ ಅದು ಬೇಗ ತಗುಲುತ್ತೆ, ಹಿಕ್ಕೆಯಲ್ಲಿ ರಕ್ತ ಕಂಡ್ರೆ ಅವತ್ತೇ ಪಶುವೈದ್ಯರಿಗೆ ತೋರಿಸಿ.

ಇನ್ನು ವಾಸನೆಗೆ ಸುಣ್ಣ ಎರಚಿ ಅಂತ ಗ್ರೂಪಲ್ಲಿ ಹೇಳಿದ್ರು. ದಯವಿಟ್ಟು ಕೋಳಿ ಒಳಗಿರೋವಾಗ ಎರಚಬೇಡಿ. ಮೂಗಿಗೆ ಚುರುಚುರು ಅನ್ನೋ ಆ ವಾಸನೆ ಹಿಕ್ಕೆಯಿಂದ ಹುಟ್ಟೋ ಅಮೋನಿಯಾ. ಒದ್ದೆ ಹಿಕ್ಕೆಗೆ ಸುಣ್ಣ ಬಿದ್ರೆ ಅದು ಇನ್ನೂ ಜೋರಾಗಿ ಮೇಲೇಳುತ್ತೆ, ಕೋಳಿ ಕಣ್ಣು ಉರಿದು ನೀರು ಸುರಿಯುತ್ತೆ. ಒದ್ದೆ ಹಾಸು ತೆಗೀರಿ, ಮೇಲಿನ ಜಾಲರಿ ಕಿಟಕಿ ತೆರೀರಿ, ಅಷ್ಟೇ ಮದ್ದು. ನೀವು ಬಗ್ಗಿ ಕೋಳಿ ಎತ್ತರಕ್ಕೆ ಮೂಗು ತಂದು ವಾಸನೆ ನೋಡ್ಬೇಕು, ನಿಂತ್ರೆ ಗೊತ್ತಾಗಲ್ಲ. ಸುಣ್ಣ ಬೇಕಿದ್ರೆ ಗೂಡು ಖಾಲಿ ಮಾಡಿ ತೊಳೆದ ಮೇಲೆ ನೆಲಕ್ಕೆ ಬಳೀರಿ, ಪೂರ್ತಿ ಒಣಗಿದ ಮೇಲೆ ಹೊಟ್ಟು ಹಾಕಿ.

ಮರಿ ತಂದ್ರೆ ಮೊದಲ ಮೂರು ನಾಲ್ಕು ದಿನ ಹೊಟ್ಟಿನ ಮೇಲೆ ಪೇಪರ್ ಹಾಸಿ, ಇಲ್ದಿದ್ರೆ ಮೇವು ಅಂತ ಹೊಟ್ಟನ್ನೇ ಹೆಕ್ಕಿ ತಿಂತಾವೆ. ಹೊಳಪಿನ ಪೇಪರ್ ಬೇಡ, ಕಾಲು ಜಾರಿ ಅಗಲ ಆಗುತ್ತೆ. ದಿನಾ ಬದಲಾಯಿಸಿ.

ಹಾಂ, ಗಿರಣಿಯಲ್ಲಿ ಹೊಟ್ಟು ತಗೊಳ್ಳೋವಾಗ ಅಂಗೈಯಲ್ಲಿ ಉಜ್ಜಿ ನೋಡಿ. ಹಿಟ್ಟಿನ ಥರ ಅಂಟಿದ್ರೆ ತೌಡು ಬೆರೆತಿದೆ ಅಂತ, ಅದು ಬೇಗ ಮುಗ್ಗಲು ಹಿಡಿಯುತ್ತೆ, ಇಲಿನೂ ಬರುತ್ತೆ. ಅದನ್ನ ಬಿಟ್ಟು ಬೇರೆ ಮೂಟೆ ಕೇಳಿ.