ಈ ವಾರದ ಸಮಸ್ಯೆ: ಗಾಯ ದೀಪಕೆ ಹಣತೆಯಾಯಿತು

ಕಾಜಾಣ:
ಗೆಳೆಯರೇ, ಈ ವಾರ ನೀವು ಪದ್ಯ ಕಟ್ಟಿ ಪೂರೈಸಬೇಕಾದ ಸಾಲು ಇದು.

"ಗಾಯ ದೀಪಕೆ ಹಣತೆಯಾಯಿತು"

ಭಾಮಿನಿ ಷಟ್ಪದಿಯ ನಡೆ, ಸಾಲಿಗೆ 3-4-3-4 ಮಾತ್ರೆ. ನಾಲ್ಕು ಸಾಲು ಸಾಕು, ಕೊನೆಯ ಸಾಲು ಇದೇ ಇರಲಿ. ಆದಿಪ್ರಾಸ (ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಒಂದೇ ವ್ಯಂಜನ) ಬಿಡಬೇಡಿ. ವಸ್ತು ಬಹಾಯಿ ಧರ್ಮದ ಮೊದಲ ದಿನಗಳು. ಸುಮ್ನೆ ಉಪಮೆ ಅಂದುಕೊಳ್ಳಬೇಡಿ, ಇದು ನಡೆದ ಸಂಗತಿ. ಬಹಾಯಿ ಧರ್ಮಕ್ಕೆ ದಾರಿ ಮಾಡಿಕೊಟ್ಟ ಬಾಬ್ ಅವರನ್ನು 1850ರಲ್ಲಿ ಪರ್ಷಿಯಾದ ತಬ್ರೀಜಿನಲ್ಲಿ ಗುಂಡಿಟ್ಟು ಕೊಂದರು. ಆ ಸಿಟ್ಟಿಗೆ 1852ರ ಆಗಸ್ಟ್‌ನಲ್ಲಿ ಕೆಲವು ಬಾಬಿ ಯುವಕರು, ಅಂದರೆ ಬಾಬ್ ಅನುಯಾಯಿಗಳು, ಪರ್ಷಿಯಾದ ದೊರೆ ಷಾ ಮೇಲೆ ಗುಂಡು ಹಾರಿಸಿದರು. ಷಾ ಬದುಕಿಕೊಂಡ. ಶಿಕ್ಷೆ ಮಾತ್ರ ಏನೂ ಅರಿಯದವರ ಮೇಲೂ ಬಿತ್ತು.

ಹೊಂಗೆ:
ಕಾಯ ಕೊರೆದರು ಬತ್ತಿ ನೆಟ್ಟರು
ಬೇಯುತಲೆ ತಾ ಬೀದಿ ನಡೆದನು
ಬಾಯ ಹಾಡನು ನಿಲಿಸದಾದರು
ಗಾಯ ದೀಪಕೆ ಹಣತೆಯಾಯಿತು

ಪದ್ಯದಲ್ಲಿರುವವರು ಆ ಶಿಕ್ಷೆಗೆ ಸಿಕ್ಕ ಬಾಬಿ, ಸುಲೈಮಾನ್ ಖಾನ್. ಮೈಯಲ್ಲಿ ಒಂಬತ್ತು ಕಡೆ ತೂತು ಕೊರೆದು, ಉರಿಯುವ ಮೇಣದ ಬತ್ತಿ ಸಿಕ್ಕಿಸಿ, ಟೆಹರಾನಿನ ಬೀದಿಯಲ್ಲಿ ನಡೆಸಿದರು. ದಾರಿಯಲ್ಲಿ ಒಂದು ಬತ್ತಿ ಕೆಳಗೆ ಬಿತ್ತಂತೆ. ತಾವೇ ಎತ್ತಿಕೊಂಡು, ಇನ್ನೊಂದರ ಉರಿಯಿಂದ ಹಚ್ಚಿ, ಮತ್ತೆ ಅದೇ ಗಾಯಕ್ಕೆ ಸಿಕ್ಕಿಸಿಕೊಂಡರಂತೆ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸಂಜೆಮಲ್ಲಿಗೆ:
ನನ್ನದು ಅದೇ ವರ್ಷ ಕೊಂದ ಬಾಬಿ ಹೆಣ್ಣು ತಾಹಿರೆಗೆ. ಅವಳೂ ಕವಿ, ನಮ್ಮವಳೇ ಅಲ್ವಾ.

ಬಾಯ ಮುಚ್ಚಲು ಕೊರಳ ಬಿಗಿದರು
ಮಾಯವಾಗಿಸೆ ಬಾವಿಗೆಸೆದರು
ಸಾಯಲಿಲ್ಲವು ಬರೆದ ಗಜಲು
ಗಾಯ ದೀಪಕೆ ಹಣತೆಯಾಯಿತು

ಕಾಜಾಣ:
ಮೇಡಂ, ಎರಡನೇ ಸಾಲು ತುಂಬಾ ಚೆನ್ನಾಗಿದೆ. ಮೂರನೆಯದರಲ್ಲಿ ಒಂದು ಮಾತ್ರೆ ಕಮ್ಮಿ. 'ಬರೆದ ಕವಿತೆಯು' ಅಂದರೆ ಸರಿಹೋಗುತ್ತೆ. ಆದರೆ ಪದ್ಯದಲ್ಲಿ ಗಾಯ ಎಲ್ಲಿ?

ಸಂಜೆಮಲ್ಲಿಗೆ:
ತಿದ್ದಿಕೊಂಡೆ ಸರ್. ರೇಷ್ಮೆ ಬಟ್ಟೆಯಲ್ಲಿ ಕೊರಳು ಬಿಗಿದರೆ ಉಳಿಯುವ ಗೆರೆ ಗಾಯ ಅಲ್ವಾ? ರಕ್ತ ಬರಲೇಬೇಕಾ?

ಕಾಜಾಣ:
ಒಪ್ಪಿದೆ.

ತುಂಬೆಹೂ:
ಎಲ್ಲರೂ ಕ್ರೌರ್ಯದ ಕಡೆಗೇ ಹೋದಿರಿ. ನಾನು ಅದರ ಎದುರಿಗೆ ನಿಂತವರನ್ನು ಹುಡುಕಿದೆ.

ನೋಯುವಪ್ಪನ ಮಗುವು ಕಂಡಿತು
ರಾಯ ಬಿಗಿಸಿದ ಕೊರಳ ಸರಪಳಿ
ತಾಯಿಯಾದನು ಹಸಿದ ಊರಿಗೆ
ಗಾಯ ದೀಪಕೆ ಹಣತೆಯಾಯಿತು

ಅಪ್ಪ, ಬಹಾಯಿ ಧರ್ಮದ ಸ್ಥಾಪಕ ಬಹಾವುಲ್ಲಾ. 1852ರಲ್ಲಿ ಅವರನ್ನು ಟೆಹರಾನಿನ ಸಿಯಾಹ್ ಚಾಲ್ ಅನ್ನುವ ಸೆರೆಮನೆಗೆ ತಳ್ಳಿದರು. ಅದು ಮೊದಲು ಸ್ನಾನದ ಮನೆಗೆ ನೀರು ತುಂಬಿಡುತ್ತಿದ್ದ ನೆಲದಡಿಯ ತೊಟ್ಟಿ. ಬೆಳಕೇ ಇಲ್ಲ. ಅಪ್ಪನನ್ನು ನೋಡಲು ಹೋದ ಮಗ ಅಬ್ದುಲ್ ಬಹಾಗೆ ಆಗ 8 ವರ್ಷ. ಭಾರದ ಸರಪಳಿಗೆ ಬಗ್ಗಿದ ಕುತ್ತಿಗೆಯನ್ನು ಆ ಹುಡುಗ ಕಣ್ಣಾರೆ ನೋಡಿದ. ಮುಂದೆ ಒಂದನೇ ಮಹಾಯುದ್ಧದಲ್ಲಿ ಪ್ಯಾಲೆಸ್ತೀನಿನ ಹೈಫಾ, ಅಕ್ಕಾ ಊರುಗಳ ಕಡೆ ಜನ ಹಸಿದಾಗ, ಕೂಡಿಟ್ಟಿದ್ದ ಧಾನ್ಯ ತೆಗೆದು ಹಂಚಿದವರು ಅವರೇ.

ಕಾಜಾಣ:
'ತಾಯಿಯಾದನು' ಅನ್ನುವುದಕ್ಕೆ ಕೈ ಮುಗಿದೆ. 'ಹಸಿದ ಊರಿಗೆ' ಅಂದಾಗ ವಿಸಂಧಿ ಆಗುತ್ತೆ, ಎರಡು ಸ್ವರ ಸಂಧಿಯಾಗದೆ ಹಾಗೇ ಉಳಿಯುತ್ತೆ. 'ಹಸಿದ ನಗರಕೆ' ಅಂತ ತಿದ್ದಬಹುದಲ್ವಾ?

ತುಂಬೆಹೂ:
ಯೋಚಿಸಿದ್ದೆ ಸರ್. ಆದರೆ 1868ರಲ್ಲಿ ಅಬ್ದುಲ್ ಬಹಾ ಅವರನ್ನು ಅಕ್ಕಾಗೆ ತಂದಿದ್ದು ಕೈದಿಯಾಗಿ. ಅಂಥ ಜಾಗವನ್ನೇ ಅವರು ಊರು ಮಾಡಿಕೊಂಡರು. ಆ ಪದ ಬಿಡೋಕೆ ಮನಸ್ಸು ಬರಲಿಲ್ಲ.

ಕಾಜಾಣ:
ಹಾಗಾದರೆ ವಿಸಂಧಿ ಇರಲಿ.