ಸಹಾಯ ಬೇಕು: ಶೆವರ್ಲೆ 350 ಎಂಜಿನ್‌ನಲ್ಲಿ ಎರಡು ರಾಕರ್‌ಗೆ ಆಯಿಲ್ ಏರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿದ್ದೇನೆ. 1972ರ ನೋವಾ ಕಾರಿನ ಸ್ಮಾಲ್ ಬ್ಲಾಕ್ 350 ಎಂಜಿನ್ ಕಟ್ಟುತ್ತಿದ್ದೇನೆ. ಫ್ಲಾಟ್ ಟ್ಯಾಪೆಟ್ ತೆಗೆದು ರೋಲರ್ ಕ್ಯಾಮ್, ಜೋಡಿಜೋಡಿಯಾಗಿ ಪಟ್ಟಿ ಸೇರಿಸಿದ ಹೈಡ್ರಾಲಿಕ್ ರೋಲರ್ ಲಿಫ್ಟರ್ (ಕ್ಯಾಮ್ ಮೇಲೆ ಕೂತು ಏರಿಳಿಯುವ ಭಾಗ) ಹಾಕಿದ್ದೇನೆ. ಇನ್ನೂ ಸ್ಟಾರ್ಟ್ ಮಾಡಿಲ್ಲ.

ಡಿಸ್ಟ್ರಿಬ್ಯೂಟರ್ ಜಾಗದಲ್ಲಿ ಪ್ರೈಮಿಂಗ್ ಟೂಲ್ (ಸ್ಟಾರ್ಟ್ ಮಾಡುವ ಮುಂಚೆ ಆಯಿಲ್ ಏರಿಸುವ ಸಾಧನ) ಇಳಿಸಿ ಡ್ರಿಲ್‌ನಿಂದ ಆಯಿಲ್ ಪಂಪ್ ತಿರುಗಿಸಿದರೆ ಗೇಜ್ 50 ಪಿಎಸ್‌ಐ ದಾಟುತ್ತದೆ. 16 ರಾಕರ್‌ಗಳ (ವಾಲ್ವ್ ಒತ್ತಿ ತೆರೆಯುವ ತೋಳುಗಳು) ಪೈಕಿ 14ರಲ್ಲಿ ಆಯಿಲ್ ಚೆನ್ನಾಗಿ ಉಕ್ಕುತ್ತದೆ. ಬಲಗಡೆಯ 6 ಮತ್ತು 8ನೇ ಸಿಲಿಂಡರ್‌ನ ಎಕ್ಸಾಸ್ಟ್ ರಾಕರ್ ಮಾತ್ರ ಒಣಒಣ.

ಮೊದಲು ಟೂಲ್‌ನ ಕಾಲರ್ (ಡಿಸ್ಟ್ರಿಬ್ಯೂಟರ್ ಬಾಡಿಯ ಜಾಗ ತುಂಬುವ ಬಳೆ) ಬಗ್ಗೆ ಕೇಳುತ್ತೀರಿ, ಗೊತ್ತು. ಈ ಎಂಜಿನ್‌ನಲ್ಲಿ ಬಲಗಡೆಯ ಗ್ಯಾಲರಿಗೆ (ಬ್ಲಾಕ್‌ನೊಳಗಿನ ಆಯಿಲ್ ದಾರಿಗೆ) ಡಿಸ್ಟ್ರಿಬ್ಯೂಟರ್ ಬಾಡಿಯೇ ಗೋಡೆ. ಅದು ಇಲ್ಲದಿದ್ದರೆ ಆಯಿಲ್ ಅಲ್ಲೇ ಸೋರಿಹೋಗುತ್ತದೆ ಅಲ್ವಾ? ನನ್ನ ಟೂಲ್‌ಗೆ ಕಾಲರ್ ಇದೆ. ಕ್ರ್ಯಾಂಕನ್ನು ಸ್ವಲ್ಪ ಸ್ವಲ್ಪವೇ ಪೂರ್ತಿ ಎರಡು ಸುತ್ತು ತಿರುಗಿಸಿಯೂ ನೋಡಿದ್ದೇನೆ. ಲಿಫ್ಟರ್‌ನಿಂದ ರಾಕರ್‌ಗೆ ಆಯಿಲ್ ಒಯ್ಯುವ ಟೊಳ್ಳು ಸಲಾಕೆ, ಅಂದರೆ ಪುಶ್‌ರಾಡ್‌ನ ತೂತು ಕ್ಲೀನ್ ಆಗಿದೆ. ಪ್ರೀಲೋಡ್ (ಸಡಿಲ ಹೋದ ಮೇಲೆ ರಾಕರ್ ನಟ್ ಇನ್ನೂ ಬಿಗಿದದ್ದು) ಅರ್ಧ ಸುತ್ತು.

ಇಂಟೇಕ್ ಮ್ಯಾನಿಫೋಲ್ಡ್ ಕೂರಿಸಿಲ್ಲ, ಹಾಗಾಗಿ ಟಾರ್ಚ್ ಬಿಟ್ಟು ನೋಡಲು ಆಯಿತು. ಆ ಎರಡು ಲಿಫ್ಟರ್ ಪೂರ್ತಿ ಮೇಲೆದ್ದಾಗ ಅವುಗಳ ಮೈಸುತ್ತ ಇರುವ ಆಯಿಲ್ ಗೀರು ಬೋರ್‌ನ (ಲಿಫ್ಟರ್ ಕೂರುವ ಬ್ಲಾಕ್‌ನ ರಂಧ್ರದ) ಅಂಚಿಗೆ ತೀರಾ ಹತ್ತಿರ ಬರುತ್ತದೆ. ಅಲ್ಲಿಂದ ಆಯಿಲ್ ತೆಳ್ಳಗೆ ಜಿನುಗುತ್ತದೆ. ಬೇರೆ ಲಿಫ್ಟರ್‌ಗಳಲ್ಲಿ ಹೀಗಿಲ್ಲ.

ಬೋರ್ ಸವೆದಿರಬಹುದು ಎಂದೇ ನನ್ನ ಅನುಮಾನ. 0.842 ಇಂಚಿಗಿಂತ ಎಷ್ಟು ಜಾಸ್ತಿಯಾದರೆ ಬುಶ್ (ಸವೆದ ಬೋರ್ ಒಳಗೆ ಕೂರಿಸುವ ಕೊಳವೆ) ಹಾಕಿಸುತ್ತೀರಿ? ಅದಕ್ಕೂ ಮುಂಚೆ 6ನೇ ಸಿಲಿಂಡರ್‌ನ ಲಿಫ್ಟರ್ ಜೋಡಿಯನ್ನು 2ನೇದಕ್ಕೆ ಹಾಕಿ, ತೊಂದರೆ ಲಿಫ್ಟರ್ ಜೊತೆ ಹೋಗುತ್ತದೋ ಬೋರ್‌ನಲ್ಲೇ ಉಳಿಯುತ್ತದೋ ನೋಡಲೇ? ಎಂಜಿನ್ ಓಡಿಲ್ಲ, ಸಾಲದ್ದಕ್ಕೆ ಇವು ರೋಲರ್ ಲಿಫ್ಟರ್, ಹಾಗಾಗಿ ಜಾಗ ಬದಲಿಸಿದರೆ ಪರವಾಗಿಲ್ಲ ಅಂದುಕೊಂಡಿದ್ದೇನೆ. "ಸುಮ್ನೆ ಸ್ಟಾರ್ಟ್ ಮಾಡು, ತಾನಾಗಿ ಏರುತ್ತದೆ" ಎನ್ನುತ್ತಾರೆ ಕೆಲವರು. ಒಣ ರಾಕರ್ ಇಟ್ಟುಕೊಂಡು ನನಗೆ ಧೈರ್ಯ ಬರುತ್ತಿಲ್ಲ. ಇಂಥ ಲಿಫ್ಟರ್ ಹಾಕಿದವರು ದಯವಿಟ್ಟು ತಿಳಿಸಿ.